ಸಾನ್ ಮಿಕೇಲೆಯ ಕಥೆ: ವೈದ್ಯನ ಮಾತು, ಕಥೆಗಾರನ ಮಾತು

೧

ಕಾದಂಬರಿಯನ್ನು ಕೈಗೆತ್ತಿಕೊಂಡ ವಾಚಕನು ‘ಇದು ನಡೆಯಿತೇ?’ ಎಂದು ಕೇಳುವುದಿಲ್ಲ, ‘ಇದು ನಡೆಯಬಲ್ಲುದೇ?’ ಎಂದಷ್ಟೇ ಕೇಳುತ್ತಾನೆ. ಆತ್ಮಕಥೆಯ ವಿಷಯದಲ್ಲಾದರೋ ಮೊದಲನೆಯ ಪ್ರಶ್ನೆಯೇ ಮುಂದಾಗುತ್ತದೆ. ಬರೆದವನು ನಡೆದುದನ್ನೇ ಹೇಳುತ್ತಾನೆಂಬ ನಂಬಿಕೆಯ ಮೇಲೆ ಆ ಸಾಹಿತ್ಯಪ್ರಕಾರದ ಗೌರವವೆಲ್ಲ ನಿಂತಿದೆ. ಬರೆದವನು ವೈದ್ಯನೂ ಆಗಿದ್ದರೆ ಈ ನಂಬಿಕೆ ಇಮ್ಮಡಿಯಾಗುತ್ತದೆ. ನಾಡಿ ಹಿಡಿದವನ ಮಾತನ್ನು ಎದುರಾಡದೆ ಒಪ್ಪುವುದು ನಮಗೆಲ್ಲ ರೂಢಿ. ಹುಟ್ಟನ್ನೂ ಸಾವನ್ನೂ ಹತ್ತಿರದಿಂದ ಕಂಡವನು ಕಥೆ ಕಟ್ಟಿ ಹೇಳಬೇಕಾದ ಅಗತ್ಯವೇನಿದೆ ಎಂದು ನಾವು ಭಾವಿಸುತ್ತೇವೆ.

ಈ ಎರಡು ನಂಬಿಕೆಗಳನ್ನೂ ಒಟ್ಟಿಗೆ ಒರೆಗೆ ಹಚ್ಚುವ ಗ್ರಂಥವೊಂದುಂಟು. ಸ್ವೀಡನ್ ದೇಶದ ವೈದ್ಯನಾದ ಆಕ್ಸೆಲ್ ಮುಂತೆ ಬರೆದ ‘ದಿ ಸ್ಟೋರಿ ಆಫ್ ಸಾನ್ ಮಿಕೇಲೆ’ ಎಂಬುದೇ ಅದು. ೧೯೨೯ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನದಿಂದ ಇಂಗ್ಲಿಷಿನಲ್ಲಿ ಹೊರಬಂದ ಈ ಗ್ರಂಥವು ಮುಂದೆ ೪೦ಕ್ಕೂ ಹೆಚ್ಚು ಭಾಷೆಗಳಿಗೆ ಹೋಯಿತು. ಎಪ್ಪತ್ತರ ಅಂಚಿನಲ್ಲಿದ್ದ ವೃದ್ಧನೊಬ್ಬನು ತನ್ನದಲ್ಲದ ಭಾಷೆಯಲ್ಲಿ ಬರೆದ ಪುಸ್ತಕಕ್ಕೆ ಇಷ್ಟು ಮನ್ನಣೆ ದೊರೆತುದು ಸಾಹಿತ್ಯಚರಿತ್ರೆಯಲ್ಲಿ ಅಪೂರ್ವ. ಅದರ ಹೃದಯದಲ್ಲಿರುವುದು ಒಂದು ಮನೆ. ಇಟಲಿಯ ನೇಪಲ್ಸ್ ಕೊಲ್ಲಿಯ ಬಾಯಲ್ಲಿರುವ ಕಾಪ್ರಿ ದ್ವೀಪದಲ್ಲಿ, ಕಡಲಿಗೆ ಮುಖಮಾಡಿ, ಕಡಿದಾದ ಬಂಡೆಯ ತುದಿಯಲ್ಲಿ ಅವನೇ ಕಟ್ಟಿಸಿದ ‘ವಿಲ್ಲಾ ಸಾನ್ ಮಿಕೇಲೆ’.

ಈ ಗ್ರಂಥವನ್ನು ಓದಿ ಮೆಚ್ಚಿದವರಿಗೆ, ಅದರಲ್ಲಿ ಎಷ್ಟೋ ಸಂಗತಿಗಳು ನಡೆದಂತೆ ಹೇಳಿದವುಗಳಲ್ಲವೆಂಬುದು ತಿಳಿದೊಡನೆ ಮನಸ್ಸು ಮುದುಡುತ್ತದೆ. ‘ಹಾಗಾದರೆ ಇದು ಸುಳ್ಳು’ ಎಂದು ಕೆಲವರು ಪುಸ್ತಕವನ್ನು ಬದಿಗಿಡುತ್ತಾರೆ. ‘ಕಥೆ ಸೊಗಸಾಗಿದೆ, ನಿಜದ ಗೊಡವೆ ಏಕೆ?’ ಎಂದು ಮತ್ತೆ ಕೆಲವರು ಸಮಾಧಾನ ತಾಳುತ್ತಾರೆ. ಈ ಎರಡು ತೀರ್ಪುಗಳೂ ಅವಸರದವೆಂದು ನಮ್ಮ ಅಭಿಪ್ರಾಯ. ಗ್ರಂಥವನ್ನು ಹೇಗೆ ನಂಬಬೇಕು, ಎಲ್ಲಿ ನಂಬಬಾರದು ಎಂಬುದಕ್ಕೆ ಬೇಕಾದ ಕೀಲಿಕೈಯನ್ನು ಗ್ರಂಥಕರ್ತನು ಗ್ರಂಥದೊಳಗೇ ಇಟ್ಟಿದ್ದಾನೆ. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ಜೀವನಚರಿತ್ರೆಯ ಮುಖ್ಯಾಂಶಗಳು. ಆಕ್ಸೆಲ್ ಮುಂತೆ ೧೮೫೭ರ ಅಕ್ಟೋಬರ್ ೩೧ರಂದು ಸ್ವೀಡನ್ನಿನ ಆಸ್ಕರ್ಸ್‌ಹಾಮ್ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿದನು. ತಂದೆ ಔಷಧದಂಗಡಿಯ ಒಡೆಯ. ಉಪ್ಸಾಲದಲ್ಲಿ ವಿದ್ಯಾಭ್ಯಾಸವನ್ನಾರಂಭಿಸಿ, ಹದಿಹರೆಯ ಮುಗಿಯುವ ಮುನ್ನವೇ ಆರೋಗ್ಯ ಕೆಟ್ಟು ದಕ್ಷಿಣದ ಬಿಸಿಲನ್ನರಸಿ ಹೋದವನು ಕಾಪ್ರಿಯನ್ನು ಕಂಡನು. ಫ್ರಾನ್ಸಿನಲ್ಲಿ ವ್ಯಾಸಂಗವನ್ನು ಮುಂದುವರಿಸಿ, ೧೮೮೦ರಲ್ಲಿ, ಇಪ್ಪತ್ತಮೂರು ತುಂಬುವುದರೊಳಗೆ, ಪ್ಯಾರಿಸ್ಸಿನಿಂದ ವೈದ್ಯಪದವಿಯನ್ನು ಪಡೆದನು. ಅಲ್ಲಿಯೇ ವೃತ್ತಿಯನ್ನು ಹಿಡಿದು ಬೇಗನೆ ಹೆಸರಾದನು.

೧೮೮೪ರಲ್ಲಿ ನೇಪಲ್ಸ್ ನಗರಕ್ಕೆ ಕಾಲರಾ ಬಡಿಯಿತು. ಏಳು ಸಾವಿರದಷ್ಟು ಜನ ಸತ್ತರು. ಕಾಲರಾದ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ ಅದೇ ವರ್ಷದ ಮೊದಲಲ್ಲಿ ನಮ್ಮ ಕಲ್ಕತ್ತೆಯಲ್ಲಿ ಶೋಧಿಸಿ ಖಚಿತಪಡಿಸಿದ್ದನು. ಆದರೆ ರೋಗಿಯನ್ನು ಉಳಿಸುವ ಔಷಧ ಯಾರ ಕೈಯಲ್ಲಿಯೂ ಇರಲಿಲ್ಲ. ಮುಂತೆ ತಾನಾಗಿಯೇ ಅಲ್ಲಿಗೆ ಹೋಗಿ ಬಡವರ ಕೇರಿಗಳಲ್ಲಿ ಕೆಲಸಮಾಡಿದನು. ಕಂಡುದನ್ನು ಪತ್ರರೂಪದಲ್ಲಿ ಸ್ವೀಡನ್ನಿನ ಪತ್ರಿಕೆಗೆ ಬರೆದು ಕಳುಹಿಸಿದನು. ಆ ಪತ್ರಗಳ ಇಂಗ್ಲಿಷ್ ಅನುವಾದ ೧೮೮೭ರಲ್ಲಿ ಪುಸ್ತಕವಾಗಿ ಹೊರಬಂದಿತು. ಲೇಖಕ ಮುಂತೆಯ ಹುಟ್ಟು ಕಾಲರಾದ ಬೀದಿಯಲ್ಲಿ ಆಯಿತೆಂದರೆ ತಪ್ಪಾಗದು.

೧೮೯೦ರಿಂದ ರೋಮ್ ನಗರದಲ್ಲಿ ವೃತ್ತಿ. ಇಂಗ್ಲಿಷ್ ಕವಿ ಕೀಟ್ಸನು ಕ್ಷಯದಿಂದ ಕಣ್ಮುಚ್ಚಿದ ಮನೆಯೇ ಅವನ ಚಿಕಿತ್ಸಾಲಯ. ಧನಿಕರಿಂದ ಹಣ ಪಡೆದು ಬಡವರಿಗೆ ಉಚಿತವಾಗಿ ಚಿಕಿತ್ಸೆ ಮಾಡುವ ಪದ್ಧತಿಯನ್ನು ಅವನು ಇಲ್ಲಿಯೂ ಇಟ್ಟುಕೊಂಡನು. ಸ್ವೀಡನ್ನಿನ ಯುವರಾಣಿಯಾಗಿದ್ದು ೧೯೦೭ರಲ್ಲಿ ರಾಣಿಯಾದ ವಿಕ್ಟೋರಿಯಾಳಿಗೆ ಅವನೇ ಆಪ್ತ ವೈದ್ಯ. ಶ್ವಾಸಕೋಶದ ಬೇನೆಯಿಂದ ನರಳುತ್ತಿದ್ದ ಆಕೆ ಚಳಿಗಾಲವನ್ನು ಕಳೆಯಲು ಕಾಪ್ರಿಗೆ ಬರುತ್ತಿದ್ದಳು. ಮುಂತೆಯ ಕಣ್ಣುಗಳು ಕ್ರಮೇಣ ಕೆಟ್ಟವು. ೧೯೪೩ರಲ್ಲಿ, ಯುದ್ಧದ ನಡುವೆ, ಕಾಪ್ರಿಯನ್ನು ಬಿಟ್ಟು ಸ್ಟಾಕ್‌ಹೋಮಿಗೆ ಮರಳಿ, ಅರಮನೆಯಲ್ಲಿ ಅರಸನ ಅತಿಥಿಯಾಗಿದ್ದು, ೧೯೪೯ರ ಫೆಬ್ರವರಿ ೧೧ರಂದು ತೀರಿಕೊಂಡನು. ಸಾನ್ ಮಿಕೇಲೆಯನ್ನು ಸ್ವೀಡನ್ ಸರಕಾರಕ್ಕೆ ಬಿಟ್ಟುಹೋದನು. ಇಂದು ಅದು ವಸ್ತುಸಂಗ್ರಹಾಲಯ.

೩

ಇನ್ನು ಮನೆಯ ಮಾತು. ಕಾಪ್ರಿಯ ಮೇಲ್ಭಾಗದ ಊರು ಅನಾಕಾಪ್ರಿ. ಕೆಳಗಿನಿಂದ ಅಲ್ಲಿಗೆ ಬಂಡೆಯಲ್ಲಿ ಕೊರೆದ ಪುರಾತನ ಮೆಟ್ಟಿಲ ದಾರಿಯೊಂದುಂಟು. ಆ ದಾರಿ ಮೇಲೆ ಬಂದು ಸೇರುವೆಡೆಯಲ್ಲಿ, ಕಡಲಿನಿಂದ ಸಾವಿರ ಅಡಿಗೂ ಮೇಲೆ, ಸಂತ ಮಿಕೇಲನ ಹೆಸರಿನ ಚಿಕ್ಕ ಪ್ರಾರ್ಥನಾಮಂದಿರವೊಂದು ಹಾಳುಬಿದ್ದಿತ್ತು. ನೆಲದಡಿಯಲ್ಲಿ ರೋಮನರ ಕಾಲದ ಮನೆಯೊಂದರ ಅವಶೇಷಗಳಿದ್ದವು. ಎರಡು ಸಾವಿರ ವರ್ಷಗಳ ಹಿಂದೆ ತಿಬೇರಿಯಸ್ ಚಕ್ರವರ್ತಿ ರೋಮ್ ನಗರವನ್ನು ಬಿಟ್ಟುಬಂದು ತನ್ನ ಕೊನೆಯ ವರ್ಷಗಳನ್ನು ಕಳೆದುದು ಈ ದ್ವೀಪದಲ್ಲಿಯೇ. ದ್ರಾಕ್ಷಿಬಳ್ಳಿ ನೆಡಲು ಅಗೆದ ರೈತನ ಹಾರೆಗೆ ಅಮೃತಶಿಲೆಯ ಚೂರು ಸಿಕ್ಕಿದರೆ, ಅದನ್ನು ‘ತಿಂಬೇರಿಯೋನ ಸಾಮಾನು’ ಎಂದು ಆಚೆಗೆ ಎಸೆಯುವುದು ಹಳ್ಳಿಗರ ಪದ್ಧತಿಯಾಗಿತ್ತೆಂದು ಮುಂತೆ ವಿನೋದವಾಗಿ ಬರೆಯುತ್ತಾನೆ.

೧೮೯೫ರಲ್ಲಿ ಈ ನೆಲವನ್ನು ಕೊಂಡು ಮುಂತೆ ಮನೆಯನ್ನು ಕಟ್ಟಿಸತೊಡಗಿದನು. ಗ್ರಂಥದ ಪ್ರಕಾರ ವಾಸ್ತುಶಿಲ್ಪಿಯೂ ಇಲ್ಲ, ನಕ್ಷೆಯೂ ಇಲ್ಲ. ಯಜಮಾನನು ಇದ್ದಿಲಿನಿಂದ ಗೋಡೆಯ ಮೇಲೆ ಗೆರೆ ಎಳೆಯುವುದು, ಊರಿನ ಮೇಸ್ತ್ರಿಯೂ ಅವನ ಮಕ್ಕಳೂ ಅದರಂತೆ ಕಟ್ಟುವುದು. ಅಗೆದಾಗ ಸಿಕ್ಕಿದ ಕಂಬದ ತುಂಡು, ಶಾಸನದ ಚೂರು, ಮುರಿದ ಮುಖ, ಬಣ್ಣದ ಕಲ್ಲು ಎಲ್ಲವನ್ನೂ ಹೊಸ ಗೋಡೆಗಳಲ್ಲಿಯೇ ಕೂಡಿಸಿದರು. ಬೇರೆಡೆಗಳಿಂದ ಕೊಂಡುತಂದ ಪುರಾತನ ವಸ್ತುಗಳೂ ಬಂದವು. ಪುರಾತನ ಶಿಲ್ಪಗಳ ಹೊಸ ಪ್ರತಿಕೃತಿಗಳೂ ಅವುಗಳ ಮಗ್ಗುಲಲ್ಲಿ ನಿಂತವು. ಕಂಬಸಾಲಿನ ತುದಿಯಲ್ಲಿ, ಕೊಲ್ಲಿಗೆ ಮುಖಮಾಡಿದ ಮೋಟುಗೋಡೆಯ ಮೇಲೆ, ಈಜಿಪ್ಟಿನ ಕಲ್ಲಿನ ಸ್ಫಿಂಕ್ಸ್ ಮಲಗಿದೆ. ಅದರ ಬೆನ್ನು ನೋಡುಗರಿಗೆ, ಮುಖ ಕಡಲಿಗೆ. ಮನೆಯೊಳಗೆ ನಿಂತವನಿಗೆ ಅದರ ಮುಖ ಕಾಣುವಂತಿಲ್ಲ.

ಈ ಮನೆಯನ್ನು ಕಂಡವರು ಅದು ರೋಮನ್ನೋ, ಗ್ರೀಕೋ, ಮೂರರ ಶೈಲಿಯೋ ಎಂದು ತರ್ಕಿಸುತ್ತಾರೆ. ಯಾವುದೂ ಅಲ್ಲ, ಎಲ್ಲವೂ ಹೌದು. ಅಲ್ಲಿ ನಿಜವಾದ ಪುರಾತನ ಕಲ್ಲು ಇದೆ. ಆದರೆ ಅದು ನಿಂತಿರುವ ಗೋಡೆ ನಿನ್ನೆಯದು. ಇಂಥ ಕಟ್ಟಡವನ್ನು ಪುರಾತತ್ತ್ವಜ್ಞನು ಒಪ್ಪಲಾರನು. ಯಾವ ಚೂರು ಯಾವ ಪದರದಲ್ಲಿ, ಯಾವ ವಸ್ತುವಿನ ಮಗ್ಗುಲಲ್ಲಿ ಸಿಕ್ಕಿತು ಎಂಬುದೇ ಅವನಿಗೆ ಮುಖ್ಯ. ಮನೆ ಕಟ್ಟಿದವನಿಗಾದರೋ ಆ ಚೂರು ಬೆಳಕಿನಲ್ಲಿ ಎಲ್ಲಿ ಚೆಲುವಾಗಿ ಕಾಣುತ್ತದೆ ಎಂಬುದು ಮುಖ್ಯ.

೪

ಮೂವತ್ತು ವರ್ಷಗಳ ಅನಂತರ ಅದೇ ಮನುಷ್ಯನು ಅದೇ ರೀತಿಯಲ್ಲಿ ಒಂದು ಗ್ರಂಥವನ್ನು ಕಟ್ಟಿದನು. ಪ್ಯಾರಿಸ್ಸಿನ ಆಸ್ಪತ್ರೆ, ನೇಪಲ್ಸಿನ ಕಾಲರಾ, ರೋಮಿನ ವೈದ್ಯರ ಪೈಪೋಟಿ, ೧೯೦೮ರ ಮೆಸ್ಸೀನಾ ಭೂಕಂಪ, ಲಾಪ್‌ಲ್ಯಾಂಡಿನ ಹಿಮ, ಕುಡುಕ ಕೋತಿ, ಅನಾಥ ಶಿಶುಗಳು, ನಾಯಿಗಳು, ಹಕ್ಕಿಗಳು ಎಲ್ಲವೂ ಅಲ್ಲಿವೆ. ಕಾಲಾನುಕ್ರಮವೆಂಬುದಿಲ್ಲ. ಒಂದು ಅಧ್ಯಾಯ ಅಚ್ಚ ಹಾಸ್ಯ, ಮುಂದಿನದು ಭಯಾನಕ. ಜರ್ಮನಿಯಿಂದ ಸ್ವೀಡನ್ನಿಗೆ ಬಾಲಕನೊಬ್ಬನ ಶವವನ್ನು ರೈಲಿನಲ್ಲಿ ಕೊಂಡೊಯ್ಯುವ ಅಧ್ಯಾಯದಲ್ಲಿ, ಜೊತೆಯಲ್ಲಿದ್ದ ರಷ್ಯನ್ ಸೇನಾಪತಿಯ ಪೆಟ್ಟಿಗೆಗೂ ಇದಕ್ಕೂ ಅದಲುಬದಲಾಗುತ್ತದೆ. ಸಾವಿನ ಮಗ್ಗುಲಲ್ಲಿ ನಿಂತು ನಗಿಸಬಲ್ಲ ಈ ಶಕ್ತಿ ದೊಡ್ಡದು. ಲಾಪ್‌ಲ್ಯಾಂಡಿನ ಅಧ್ಯಾಯದಲ್ಲಿ ಒಂದು ಕುಳ್ಳ ಭೂತ ಬಂದು ವೈದ್ಯನೊಡನೆ ಮಾತಾಡುತ್ತದೆ. ಇದನ್ನು ನಡೆದ ಸಂಗತಿಯೆಂದು ಯಾವ ವಾಚಕನೂ ತಿಳಿಯುವುದಿಲ್ಲ. ತಿಳಿಯಬೇಕೆಂದು ಗ್ರಂಥಕರ್ತನೂ ಬಯಸಿಲ್ಲ. ನಿಜಕ್ಕೂ ಅಲ್ಲದುದಕ್ಕೂ ನಡುವಣ ಅಪಾಯದ ನೆಲದಲ್ಲಿ ತಾನು ನಡೆದಿರುವೆನೆಂದು ಮುನ್ನುಡಿಯಲ್ಲಿಯೇ ಅವನು ಸೂಚಿಸಿದ್ದಾನೆ. ಹೆಸರಿನಲ್ಲಿಯೂ ‘ಕಥೆ’ ಎಂದಿದೆಯೇ ಹೊರತು ‘ಆತ್ಮಚರಿತ್ರೆ’ ಎಂದಿಲ್ಲ.

ತೊಡಕಿರುವುದು ಭೂತ ಬಂದೆಡೆಯಲ್ಲಿ ಅಲ್ಲ, ಮನುಷ್ಯರು ಬಂದೆಡೆಯಲ್ಲಿ. ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಎಂಬ ಮಹಾವೈದ್ಯನ ಬಳಿ ತಾನು ಕೆಲಸಮಾಡಿದುದಾಗಿಯೂ, ಸಂಮೋಹನಕ್ಕೆ ಗುರಿಯಾಗಿದ್ದ ಹಳ್ಳಿಯ ಹುಡುಗಿಯೊಬ್ಬಳನ್ನು ಅಲ್ಲಿಂದ ಬಿಡಿಸಲು ಹೋಗಿ ಆ ಗುರುವಿನ ಕೋಪಕ್ಕೆ ತುತ್ತಾದುದಾಗಿಯೂ ಮುಂತೆ ಬರೆಯುತ್ತಾನೆ. ಇದು ಗ್ರಂಥದ ಅತ್ಯಂತ ತೀವ್ರವಾದ ಪ್ರಸಂಗಗಳಲ್ಲಿ ಒಂದು. ಆದರೆ ಮುಂತೆ ತನ್ನ ತಂದೆಯ ಬಳಿ ಶಿಕ್ಷಣ ಪಡೆದವನಲ್ಲವೆಂದು ಶಾರ್ಕೋನ ಮಗ ಬಹಿರಂಗವಾಗಿ ನಿರಾಕರಿಸಿದನು. ಮುಂತೆ ಆ ಉಪನ್ಯಾಸಗಳನ್ನು ಕೇಳಿದ್ದನು. ಕೇಳಿದವನು ಕಥೆಯಲ್ಲಿ ಶಿಷ್ಯನಾಗಿ, ಪ್ರತಿಭಟಿಸಿದ ವೀರನಾಗಿ ಬೆಳೆದನೆಂದು ಕಾಣುತ್ತದೆ. ಸ್ವೀಡನ್ನಿನ ವಿದ್ವಾಂಸ ಬೆಂಗ್ಟ್ ಯಾಂಗ್‌ಫೆಲ್ಟ್ ೨೦೦೩ರಲ್ಲಿ ಪ್ರಕಟಿಸಿದ ವಿಸ್ತಾರವಾದ ಜೀವನಚರಿತ್ರೆಯ ಬಳಿಕ, ಗ್ರಂಥಕ್ಕೂ ಜೀವನಕ್ಕೂ ಇರುವ ಅಂತರವನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಈ ಬಗೆಯ ಅಂತರಗಳೆಲ್ಲ ಒಂದೇ ತೂಕದವಲ್ಲವೆಂಬುದನ್ನು ಮಾತ್ರ ಮರೆಯಬಾರದು. ಅನಾಕಾಪ್ರಿಯ ಮೆಟ್ಟಿಲುಗಳು ಗ್ರಂಥದಲ್ಲಿ ೭೭೭; ಇಂದು ಸಾಮಾನ್ಯವಾಗಿ ಹೇಳುವ ಎಣಿಕೆ ೯೨೧. ಎಣಿಕೆಯನ್ನು ಎಲ್ಲಿಂದ ಆರಂಭಿಸಿದರೆಂಬುದರ ಮೇಲೆ ಇದು ನಿಂತಿದೆ. ಓದುಬಾರದ ಮುದುಕಿಯೊಬ್ಬಳು ಊರಿಗೆಲ್ಲ ಅಂಚೆ ಹೊತ್ತು ಆ ಮೆಟ್ಟಿಲುಗಳನ್ನು ಹತ್ತಿಳಿಯುತ್ತಿದ್ದ ಚಿತ್ರವನ್ನು ಕೊಡುವಾಗ ಮುಂತೆ ಮೆಟ್ಟಿಲನ್ನು ತಪ್ಪು ಎಣಿಸಿದನೆಂದು ಆಕ್ಷೇಪಿಸುವುದು ಅರಸಿಕತೆ. ಶಾರ್ಕೋ ಪ್ರಸಂಗ ಹಾಗಲ್ಲ. ಅಲ್ಲಿ ನಿಜವಾದ ಹೆಸರಿನ, ತೀರಿಹೋದ ಒಬ್ಬ ವ್ಯಕ್ತಿಯ ಮೇಲೆ ಆರೋಪವಿದೆ. ಹೇಳುವವನಿಗೆ ಅದರಿಂದ ಕೀರ್ತಿ ಇದೆ. ಕಲ್ಪನೆಯಿಂದ ಯಾರಿಗೆ ನಷ್ಟ, ಯಾರಿಗೆ ಲಾಭ ಎಂಬುದೇ ಇಲ್ಲಿ ಸರಿಯಾದ ಅಳತೆಗೋಲು.

೫

ಗ್ರಂಥದೊಳಗಿರುವ ಕೀಲಿಕೈಯ ಮಾತನ್ನು ಮೊದಲೇ ಹೇಳಿದೆವು. ಅದು ಪ್ಯಾರಿಸ್ಸಿನ ಶ್ರೀಮಂತ ಸ್ತ್ರೀಯರ ಕಾಯಿಲೆಗಳನ್ನು ವರ್ಣಿಸುವ ವಿನೋದಭರಿತ ಭಾಗದಲ್ಲಿದೆ. ಆ ಸ್ತ್ರೀಯರಿಗೆ ಕಾಯಿಲೆಯಿಲ್ಲ, ಬೇಸರವಿದೆ. ಬೇಸರಕ್ಕೆ ಮರ್ಯಾದೆಯ ಹೆಸರೊಂದು ಬೇಕು. ಸ್ವಲ್ಪಕಾಲ ‘ಅಪೆಂಡಿಸೈಟಿಸ್’ ಎಂಬ ಹೆಸರು ಸಲ್ಲುತ್ತಿತ್ತು. ಆದರೆ ಅದಕ್ಕೆ ಹೊಟ್ಟೆಯನ್ನು ಕೊಯ್ಯುವ ಚಿಕಿತ್ಸೆ ಬಂದೊಡನೆ ಆ ಹೆಸರು ಯಾರಿಗೂ ಬೇಡವಾಯಿತು. ಆಗ ವೈದ್ಯರು ‘ಕೊಲೈಟಿಸ್’ ಎಂಬ ಹೊಸ ಹೆಸರನ್ನು ಮುಂದಿಟ್ಟರು. ಕತ್ತಿಯ ಭಯವಿಲ್ಲ, ಎಲ್ಲರಿಗೂ ಒಪ್ಪುತ್ತದೆ, ಬೇಕೆಂದಾಗ ಬರುತ್ತದೆ. ಮುಂತೆಯೂ ತನ್ನ ರೋಗಿಯೊಬ್ಬಳಿಗೆ ಅದೇ ಹೆಸರನ್ನು ಕೊಟ್ಟನು. ಆಕೆ ಸಂತೋಷದಿಂದ ಚೇತರಿಸಿಕೊಂಡಳು.

ಇಲ್ಲಿ ವಾಚಕನು ನಗುತ್ತಾನೆ. ನಕ್ಕ ಬಳಿಕ ಯೋಚಿಸಬೇಕು. ವೈದ್ಯನು ಹೇಳಿದ ಹೆಸರು ಸುಳ್ಳು. ಆದರೆ ಅದರಿಂದ ದೊರೆತ ಶಮನ ನಿಜ. ಔಷಧಕ್ಕಿಂತ ನಂಬಿಕೆಯೇ ಗುಣಪಡಿಸುತ್ತದೆಂಬುದನ್ನು ಮುಂತೆ ತನ್ನ ವೃತ್ತಿಯ ಮುಖ್ಯ ರಹಸ್ಯವೆಂದು ಬಗೆದಿದ್ದನು. ಆ ರಹಸ್ಯವನ್ನು ಬಿಚ್ಚಿಟ್ಟ ಮನುಷ್ಯನೇ, ವೃದ್ಧಾಪ್ಯದಲ್ಲಿ, ನಿದ್ರೆಯಿಲ್ಲದೆ, ಕಣ್ಣಿಲ್ಲದೆ, ತನ್ನ ಜೀವನಕ್ಕೆ ಒಂದು ಹೆಸರನ್ನು ಹುಡುಕಿದನು. ‘ಸಾನ್ ಮಿಕೇಲೆಯ ಕಥೆ’ಯು ವೈದ್ಯನು ತನಗೆ ತಾನೇ ಕೊಟ್ಟುಕೊಂಡ ‘ಕೊಲೈಟಿಸ್’. ಅವನ ಬೇನೆಯ ನಿಜವಾದ ಹೆಸರು ಅದಲ್ಲ. ಆದರೆ ಅದರಿಂದ ಅವನಿಗೂ, ಲಕ್ಷಾಂತರ ವಾಚಕರಿಗೂ ಉಪಶಮನ ದೊರೆತುದು ನಿಜ.

ರೋಗಿಯ ಮಂಚದ ಬಳಿ ಆಡುವ ಸಾಂತ್ವನದ ಸುಳ್ಳನ್ನು ಧರ್ಮಶಾಸ್ತ್ರವೂ ಕ್ಷಮಿಸೀತು. ಆದರೆ ಅದಕ್ಕೆ ಒಂದು ನಿಬಂಧನೆಯುಂಟು: ಸುಳ್ಳು ರೋಗಿಯ ಹಿತಕ್ಕಾಗಿರಬೇಕು, ವೈದ್ಯನ ಹಿತಕ್ಕಾಗಿ ಅಲ್ಲ. ವೈದ್ಯನೂ ರೋಗಿಯೂ ಒಬ್ಬನೇ ಆದಾಗ ಈ ನಿಬಂಧನೆಯನ್ನು ಕಾಯುವವರಾರು? ಈ ಪ್ರಶ್ನೆಯನ್ನು ಇಟ್ಟುಕೊಂಡು ಗ್ರಂಥದ ಅತ್ಯಂತ ಪ್ರಸಿದ್ಧವಾದ ಭಾಗವನ್ನು ನೋಡೋಣ.

೬

ವಸಂತದಲ್ಲಿ ಆಫ್ರಿಕದಿಂದ ಕಡಲನ್ನು ದಾಟಿ ಉತ್ತರಕ್ಕೆ ಹೋಗುವ ಹಕ್ಕಿಗಳು ದಣಿದು ಕಾಪ್ರಿಯಲ್ಲಿ ಇಳಿಯುತ್ತವೆ. ಅವುಗಳನ್ನು ಬಲೆಗೆ ಕೆಡವುವುದು ದ್ವೀಪದವರ ಹಳೆಯ ಕಸುಬು. ಲಾವುಗೆ ಹಕ್ಕಿಗಳ ವ್ಯಾಪಾರದಿಂದ ಬರುವ ಆದಾಯ ಎಷ್ಟಿತ್ತೆಂದರೆ ಕಾಪ್ರಿಯ ಬಿಷಪ್ಪನಿಗೆ ‘ಲಾವುಗೆಗಳ ಬಿಷಪ್’ ಎಂದೇ ಅಡ್ಡಹೆಸರು. ಇತರ ಹಕ್ಕಿಗಳನ್ನು ಸೆಳೆಯಲು ಕೂಗುಹಕ್ಕಿಯನ್ನು ಪಂಜರದಲ್ಲಿಡುತ್ತಿದ್ದರು. ಅದು ಬಿಡುವಿಲ್ಲದೆ ಕೂಗಲೆಂದು ಕಾದ ಸೂಜಿಯಿಂದ ಅದರ ಕಣ್ಣುಗಳನ್ನು ಕುರುಡುಗೊಳಿಸುತ್ತಿದ್ದರು. ಮುಂತೆ ಇದರ ವಿರುದ್ಧ ಹೋರಾಡಿದನು. ರಾತ್ರಿ ತೋಪು ಹಾರಿಸಿ ಹಕ್ಕಿಗಳನ್ನು ಎಚ್ಚರಿಸಿದನು. ಕೊನೆಗೆ, ಬಲೆಗಳಿದ್ದ ಬಾರ್ಬರೊಸಾ ಬೆಟ್ಟದ ಒಡೆಯನು ಸಾಯುವ ಕಾಯಿಲೆ ಬಿದ್ದಾಗ, ಚಿಕಿತ್ಸೆಗೆ ಬೆಟ್ಟವನ್ನೇ ಬೆಲೆಯಾಗಿ ಕೇಳಿ, ಅವನನ್ನು ಬದುಕಿಸಿ, ಬೆಟ್ಟವನ್ನು ಪಡೆದೆನೆಂದು ಹೇಳುತ್ತಾನೆ. ಬೆಟ್ಟವು ಪಕ್ಷಿಧಾಮವಾಯಿತು.

ಓದುವಾಗ ನಾವು ಹಕ್ಕಿಗಳ ಪಕ್ಷವನ್ನೇ ವಹಿಸುತ್ತೇವೆ. ಗದ್ಯದ ಬಲ ಅಂಥದು. ಆದರೆ ಸಾಯುತ್ತಿರುವವನ ಮಂಚದ ಬಳಿ ವೈದ್ಯನು ವ್ಯಾಪಾರಕ್ಕೆ ನಿಲ್ಲಬಹುದೇ? ಆ ಒಡೆಯ ಕ್ರೂರಿಯಾಗಿದ್ದಿರಬಹುದು, ರೋಗಿಯೂ ಆಗಿದ್ದನಷ್ಟೆ. ಈ ಪ್ರಶ್ನೆಯನ್ನು ಗ್ರಂಥಕರ್ತನು ಎತ್ತುವುದೇ ಇಲ್ಲ. ಸಂಗತಿ ಹೀಗೆಯೇ ನಡೆಯಿತೋ ಇಲ್ಲವೋ ಎಂಬುದಕ್ಕಿಂತ, ಹೀಗೆ ನಡೆಯಿತೆಂದು ಹೇಳಿಕೊಳ್ಳುವುದರಲ್ಲಿ ಅವನಿಗೆ ಸಂಕೋಚವಿಲ್ಲವೆಂಬುದೇ ವಿಮರ್ಶಕನಿಗೆ ಮುಖ್ಯ. ಪ್ರಾಣಿಗಳ ಮುಂದೆ ಕರಗುವ ಈ ಹೃದಯ ಮನುಷ್ಯರ ಮುಂದೆ ಒಮ್ಮೊಮ್ಮೆ ಕಲ್ಲಾಗುತ್ತದೆ. ಗ್ರಂಥದ ಕರುಣರಸದಲ್ಲಿ ಕಾಣುವ ದೊಡ್ಡ ಬಿರುಕು ಇದು.

ಆದರೂ ಬೆಟ್ಟವಂತೂ ಕಥೆಯಲ್ಲ. ಅದು ಇಂದಿಗೂ ಪಕ್ಷಿಧಾಮವೇ. ಕಳೆದ ಶತಮಾನದ ಮಧ್ಯಭಾಗದಿಂದ ಪಕ್ಷಿಶಾಸ್ತ್ರಜ್ಞರು ಅಲ್ಲಿ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಗುರುತಿನ ಬಳೆ ತೊಡಿಸಿ, ಮತ್ತೆ ಆಕಾಶಕ್ಕೆ ಬಿಡುತ್ತಾರೆ. ಬಲೆ ಅದೇ, ಬೆಟ್ಟ ಅದೇ, ಕೈ ಬೇರೆ. ಲೇಖಕನ ಮಾತಿನಲ್ಲಿ ಅತಿಶಯವಿದ್ದರೂ ಕಾರ್ಯದಲ್ಲಿ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

೭

ಗ್ರಂಥದಲ್ಲಿ ಸೇರಿಸಿದುದರ ವಿಷಯ ಇಷ್ಟು. ಬಿಟ್ಟುದರ ವಿಷಯ ಇದಕ್ಕಿಂತ ಗಹನವಾದುದು. ಮುಂತೆ ೧೮೮೦ರಲ್ಲಿ ಸ್ವೀಡನ್ನಿನ ಉಲ್ಟಿಮಾ ಹಾರ್ನ್‌ಬರ್ಗ್ ಎಂಬಾಕೆಯನ್ನು ಮದುವೆಯಾಗಿದ್ದನು. ಆ ಸಂಬಂಧ ಕೆಲವು ವರ್ಷಗಳಲ್ಲಿ ಮುರಿಯಿತು. ೧೯೦೭ರಲ್ಲಿ ಇಂಗ್ಲೆಂಡಿನ ಹಿಲ್ಡಾ ಪೆನಿಂಗ್ಟನ್ ಮೆಲ್ಲರ್ ಎಂಬಾಕೆಯನ್ನು ಮದುವೆಯಾದನು. ಇಬ್ಬರು ಗಂಡುಮಕ್ಕಳು ಹುಟ್ಟಿದರು. ಈ ನಾಲ್ವರಲ್ಲಿ ಒಬ್ಬರೂ ಗ್ರಂಥದಲ್ಲಿಲ್ಲ. ಕೋತಿಗೂ ನಾಯಿಗೂ ಗಿಡುಗನಿಗೂ ದೊರೆತ ಎಡೆ ಹೆಂಡತಿ ಮಕ್ಕಳಿಗೆ ದೊರೆಯಲಿಲ್ಲ. ರಾಣಿ ವಿಕ್ಟೋರಿಯಾಳಿಗೂ ಕಥೆಯೊಳಗೆ ಪಾತ್ರವಿಲ್ಲವೆನ್ನಬೇಕು.

ಈ ಎರಡು ಮೌನಗಳನ್ನು ಒಂದೇ ಎಂದೆಣಿಸಬಾರದು. ಗ್ರಂಥ ಹೊರಬಂದಾಗ ರಾಣಿ ಬದುಕಿದ್ದಳು. ೧೯೩೦ರ ಏಪ್ರಿಲ್‌ನಲ್ಲಿ ರೋಮಿನಲ್ಲಿ ತೀರಿಕೊಂಡಳು. ರೋಗಿಯ ಗುಟ್ಟನ್ನು ಬಯಲಿಗಿಡದಿರುವುದು ವೈದ್ಯನ ಧರ್ಮ. ಆ ಮೌನಕ್ಕೆ ಗೌರವ ಸಲ್ಲಬೇಕು. ಹೆಂಡತಿ ಮಕ್ಕಳ ವಿಷಯದ ಮೌನ ಬೇರೆ ಬಗೆಯದು. ಸಾನ್ ಮಿಕೇಲೆಯ ಒಡೆಯನು ಏಕಾಂಗಿ, ಸಂನ್ಯಾಸಿಯಂಥವನು, ಬಡವರಿಗೂ ಹಕ್ಕಿಗಳಿಗೂ ಮುಡಿಪಾದವನು ಎಂಬ ಚಿತ್ರಕ್ಕೆ ಸಂಸಾರ ಒಪ್ಪುವುದಿಲ್ಲ. ಆದುದರಿಂದ ಸಂಸಾರವನ್ನೇ ಚಿತ್ರದಿಂದ ತೆಗೆದುಹಾಕಿದ್ದಾನೆ.

ಇನ್ನೊಂದು ಸಂಗತಿ ಇದನ್ನು ಸ್ಪಷ್ಟಪಡಿಸುತ್ತದೆ. ಮುಂತೆ ಕಟ್ಟಿಸಿದ ಮನೆ ಒಂದೇ ಅಲ್ಲ. ೧೯೧೦-೧೧ರಲ್ಲಿ ಸ್ವೀಡನ್ನಿನ ಸಿಲ್ಯಾನ್ ಸರೋವರದ ದಂಡೆಯ ಲೆಕ್ಸಾಂಡ್ ಎಂಬಲ್ಲಿ, ಹೆಂಡತಿಗೆ ವಿವಾಹದ ಕಾಣಿಕೆಯಾಗಿ, ಅವಳ ಹೆಸರಿನಲ್ಲಿ ‘ಹಿಲ್ಡಾಸ್‌ಹೋಮ್’ ಎಂಬ ಮನೆಯನ್ನು ಕಟ್ಟಿಸಿಕೊಟ್ಟನು. ಅಲ್ಲಿ ಅವನು ನೆಲಸಿದುದು ಕಡಿಮೆ. ಆ ಮನೆಯೂ ಇಂದು ನೋಡುಗರಿಗೆ ತೆರೆದಿದೆ. ಒಂದು ಮನೆಗೆ ಕಥೆ ಹುಟ್ಟಿತು, ಅದು ಲೋಕಪ್ರಸಿದ್ಧವಾಯಿತು. ಇನ್ನೊಂದು ಮನೆಯಲ್ಲಿ ಮಕ್ಕಳು ಬೆಳೆದರು; ಅದಕ್ಕೆ ಕಥೆ ಇಲ್ಲ.

‘ಸಾನ್ ಮಿಕೇಲೆಯ ಕಥೆ’ ಅಚ್ಚಾದ ೧೯೨೯ರಲ್ಲಿಯೇ ಗಾಂಧೀಜಿಯವರ ಆತ್ಮಕಥೆಯ ಕೊನೆಯ ಕಂತುಗಳು ಗುಜರಾತಿಯಲ್ಲಿ ಪ್ರಕಟವಾಗಿ ಮುಗಿದವು. ಎರಡನ್ನೂ ಹೋಲಿಸುವುದು ನ್ಯಾಯವಲ್ಲವೆನಿಸಬಹುದು, ಗುರಿಗಳೇ ಬೇರೆ. ಆದರೂ ಒಂದು ವ್ಯತ್ಯಾಸ ನಮ್ಮ ವಿದ್ಯಾರ್ಥಿಗಳಿಗೆ ಬೋಧಪ್ರದ. ತಂದೆ ಕೊನೆಯುಸಿರೆಳೆಯುವಾಗ ತಾವು ಎಲ್ಲಿದ್ದೆವೆಂಬುದನ್ನು ಗಾಂಧೀಜಿಯವರು ಮರೆಮಾಚಲಿಲ್ಲ. ಹೆಂಡತಿಯ ವಿಷಯದಲ್ಲಿ ತಾವು ಎಷ್ಟು ಕಠಿನರಾಗಿದ್ದೆವೆಂಬುದನ್ನು ಮರೆಮಾಚಲಿಲ್ಲ. ಮುಂತೆಯೂ ತಪ್ಪೊಪ್ಪಿಕೊಳ್ಳುತ್ತಾನೆ: ಕಾಲರಾದ ನಡುವೆ ಭಯದಿಂದ ತತ್ತರಿಸಿದೆ, ಮೆಸ್ಸೀನಾದಲ್ಲಿ ಹೆದರಿದೆ ಎನ್ನುತ್ತಾನೆ. ಆದರೆ ಭಯಪಟ್ಟೂ ಅಲ್ಲಿ ನಿಂತವನ ಭಯ ಕೀರ್ತಿಯ ಇನ್ನೊಂದು ಹೆಸರು. ವಾಚಕನಿಗೆ ಅವನ ಮೇಲೆ ಪ್ರೀತಿ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಸಣ್ಣ ಕುಂದನ್ನು ಎತ್ತಿ ತೋರಿಸಿ ದೊಡ್ಡ ಮೌನವನ್ನು ಕಾಪಾಡಿಕೊಳ್ಳುವ ಈ ಜಾಣ್ಮೆಯನ್ನು ಗುರುತಿಸದವನು ಆತ್ಮಕಥೆಯನ್ನು ಓದಲು ಇನ್ನೂ ಕಲಿಯಬೇಕಾಗಿದೆ.

೮

ಇಷ್ಟೆಲ್ಲ ಆಕ್ಷೇಪಿಸಿದ ಬಳಿಕವೂ ಈ ಗ್ರಂಥ ಕೈಬಿಡುವುದಿಲ್ಲ. ಅದಕ್ಕೆ ಕಾರಣ, ಅದರ ಆಳದಲ್ಲಿ ಲೇಖಕನು ಕಟ್ಟಿಕೊಳ್ಳಬೇಕಾಗಿಲ್ಲದ, ಬದುಕೇ ಕಟ್ಟಿಕೊಟ್ಟ ದುಃಖವೊಂದಿದೆ.

ಗ್ರಂಥದ ಆರಂಭದಲ್ಲಿ ತರುಣನು ಹಾಳು ಮಂದಿರದ ಬಳಿ ನಿಂತಿರುವಾಗ ಕೆಂಪು ನಿಲುವಂಗಿಯ ಆಕೃತಿಯೊಂದು ಕಾಣಿಸಿಕೊಳ್ಳುತ್ತದೆ. ಈ ನೆಲವೆಲ್ಲ ನಿನ್ನದಾಗಬಹುದು, ಆದರೆ ಬೆಲೆ ತೆರಬೇಕು ಎನ್ನುತ್ತದೆ. ವೃತ್ತಿಯಲ್ಲಿ ಹೆಸರು ಗಳಿಸಬೇಕೆಂಬ ಆಸೆಯನ್ನು ಬಿಡಬೇಕಾದುದು ಮೊದಲ ಬೆಲೆ. ಮುಂದೆ ಇನ್ನೂ ಭಾರವಾದ ಬೆಲೆಯೊಂದುಂಟೆಂಬ ಸೂಚನೆಯೂ ಅಲ್ಲಿದೆ. ತರುಣನು ಒಪ್ಪುತ್ತಾನೆ. ಅವನ ಕನಸಿನ ಮನೆಯಲ್ಲಿ ಬಿಸಿಲಿಗೂ ಗಾಳಿಗೂ ಕಡಲ ದನಿಗೂ ತಡೆಯಿರಬಾರದು. ಮನೆ ಹಾಗೆಯೇ ಆಯಿತು. ಆಗ ಕಣ್ಣು ಹೋಗತೊಡಗಿತು. ಬೆಳಕಿಗಾಗಿ ಕಟ್ಟಿದ ಮನೆಯ ಬೆಳಕನ್ನೇ ಆ ಕಣ್ಣು ತಾಳಲಾರದೆ ಹೋಯಿತು. ಮುಂತೆ ಸಾನ್ ಮಿಕೇಲೆಯನ್ನು ಬಿಟ್ಟು, ಅನಾಕಾಪ್ರಿಯ ಇನ್ನೊಂದು ಭಾಗದ ‘ಮಾತೆರೀತಾ’ ಎಂಬ ಹಳೆಯ ಗೋಪುರದ ನೆರಳಿನಲ್ಲಿ ವಾಸಮಾಡಿದನು. ೧೯೩೦ರ ದಶಕದಲ್ಲಿ ಶಸ್ತ್ರಚಿಕಿತ್ಸೆಯಿಂದ ಸ್ವಲ್ಪ ದೃಷ್ಟಿ ಮರಳಿತಾದರೂ, ಗ್ರಂಥ ಹುಟ್ಟಿದುದು ಕತ್ತಲೆಯ ಕಾಲದಲ್ಲಿ.

ಕೆಂಪು ನಿಲುವಂಗಿಯ ಆಕೃತಿ ಕಲ್ಪನೆಯೇ ಸರಿ. ಆದರೆ ತೆತ್ತ ಬೆಲೆ ಕಲ್ಪನೆಯಲ್ಲ. ಬೆಳಕನ್ನು ವರ್ಣಿಸುವ ಆ ಪುಟಗಳನ್ನು ಬರೆದವನು ಬೆಳಕನ್ನು ಕಳೆದುಕೊಂಡವನು ಎಂದು ತಿಳಿದು ಓದಿದಾಗ ಅವುಗಳ ಮಾತಿನ ಅಲಂಕಾರ ಬೇರೆಯಾಗಿಯೇ ಕಾಣುತ್ತದೆ. ನೋಡಲಾರದವನು ನೆನಪಿನಲ್ಲಿ ಮನೆಯನ್ನು ಮತ್ತೊಮ್ಮೆ ಕಟ್ಟುತ್ತಿದ್ದಾನೆ. ನೆನಪು ಸಾಲದೆಡೆಯಲ್ಲಿ ಬಯಕೆಯಿಂದ ಕಟ್ಟುತ್ತಿದ್ದಾನೆ. ಕಣ್ಣು ಕಳೆದುಕೊಂಡ ಕೂಗುಹಕ್ಕಿಯ ಪ್ರಸಂಗಕ್ಕೆ ಆಗ ಬರುವ ಅರ್ಥ ಎದೆಯನ್ನು ನಡುಗಿಸುತ್ತದೆ. ಕುರುಡಾದ ಆ ಹಕ್ಕಿ ಕತ್ತಲೆಯಲ್ಲಿ ಕುಳಿತು ಕೂಗುತ್ತದೆ. ಆ ಕೂಗನ್ನು ಕೇಳಿ ದೂರದ ಹಕ್ಕಿಗಳು ಬಂದು ಇಳಿಯುತ್ತವೆ. ಆ ಕೂಗು ಅವುಗಳನ್ನು ವಂಚಿಸುತ್ತದೆ. ಆದರೆ ಕೂಗುವ ಹಕ್ಕಿಯ ನೋವು ವಂಚನೆಯಲ್ಲ.

ಕೊನೆಯ ಅಧ್ಯಾಯದಲ್ಲಿ ಮುಂತೆ ತಾನು ಸತ್ತು ಸ್ವರ್ಗದ ನ್ಯಾಯಸ್ಥಾನದ ಮುಂದೆ ನಿಂತಂತೆ ಕಲ್ಪಿಸಿಕೊಳ್ಳುತ್ತಾನೆ. ತೀರ್ಪು ತನಗೆ ಪ್ರತಿಕೂಲವಾಗುವ ಹೊತ್ತಿಗೆ, ಹಕ್ಕಿಗಳ ಮಿತ್ರನಾದ ಅಸ್ಸಿಸಿಯ ಸಂತ ಫ್ರಾನ್ಸಿಸನು ಬಂದು ರಕ್ಷಿಸುತ್ತಾನೆ. ಇದು ಸುಂದರವಾದ ಮುಕ್ತಾಯವೆಂದು ಅನೇಕರು ಹೊಗಳಿದ್ದಾರೆ. ನಾವೂ ಅದರ ಸೊಬಗನ್ನು ಒಪ್ಪುತ್ತೇವೆ. ಆದರೆ ಆ ನ್ಯಾಯಸ್ಥಾನವನ್ನು ಕರೆದವನೂ, ಸಾಕ್ಷಿಗಳನ್ನು ಆರಿಸಿದವನೂ, ತೀರ್ಪನ್ನು ಬರೆದವನೂ ಆರೋಪಿಯೇ. ಸಂತನು ಬರುತ್ತಾನೆ, ಹೆಂಡತಿ ಮಕ್ಕಳಾರೂ ಬರುವುದಿಲ್ಲ. ಹಾಗಿದ್ದೂ, ತನ್ನ ಮೇಲೆ ವಿಚಾರಣೆ ನಡೆಯಲೇಬೇಕೆಂದು ಅವನಿಗೆ ಅನಿಸಿತಲ್ಲ, ಅದೇ ಈ ಗ್ರಂಥದ ಅತ್ಯಂತ ಪ್ರಾಮಾಣಿಕವಾದ ಒಪ್ಪಿಗೆ.

೯

ನಮ್ಮ ತೀರ್ಮಾನ ಹೀಗಿದೆ. ‘ಸಾನ್ ಮಿಕೇಲೆಯ ಕಥೆ’ಯನ್ನು ಚರಿತ್ರೆಯೆಂದು ಉದಾಹರಿಸಬಾರದು, ಸುಳ್ಳೆಂದು ತಳ್ಳಲೂಬಾರದು. ಸಾನ್ ಮಿಕೇಲೆಯ ಗೋಡೆಯನ್ನು ನೋಡುವಂತೆ ಅದನ್ನು ಓದಬೇಕು: ಈ ಕಲ್ಲು ಹಳೆಯದು, ಈ ಗಾರೆ ಹೊಸದು, ಈ ಮುಖ ಪ್ರತಿಕೃತಿ ಎಂದು ಒಂದೊಂದಾಗಿ ಗುರುತಿಸುತ್ತ, ಒಟ್ಟು ಕಟ್ಟಡದ ಚೆಲುವಿಗೆ ಕಣ್ಣು ಮುಚ್ಚದೆ. ಅದರ ಹಾಸ್ಯ ಉತ್ತಮ ದರ್ಜೆಯದು, ಪ್ರಾಣಿದಯೆ ನಿಜವಾದುದು, ಬಡವರ ಬದುಕನ್ನು ಕಂಡ ಕಣ್ಣು ಹರಿತವಾದುದು. ಭಾವಾತಿರೇಕ, ಆತ್ಮಪ್ರಶಂಸೆ, ಮನುಷ್ಯರ ವಿಷಯದಲ್ಲಿ ಅಲ್ಲಲ್ಲಿ ಕಾಣುವ ನಿರ್ದಯತೆ ಇವು ಅದರ ದೋಷಗಳು.

ಉಪಾಧ್ಯಾಯ ಮಿತ್ರರಿಗೆ ಒಂದು ಸೂಚನೆ. ಪ್ರೌಢ ತರಗತಿಗಳಲ್ಲಿ ‘ನನ್ನ ಬಾಲ್ಯ’, ‘ನಾನು ಕಂಡ ಊರು’ ಎಂಬ ಪ್ರಬಂಧಗಳನ್ನು ನಾವೆಲ್ಲ ಬರೆಯಿಸುತ್ತೇವೆ. ಬರೆದು ಮುಗಿಸಿದ ಮೇಲೆ, ತಮ್ಮ ವಾಕ್ಯಗಳಲ್ಲಿ ಕಂಡುದು ಯಾವುದು, ಕೇಳಿದುದು ಯಾವುದು, ಬಯಸಿದುದು ಯಾವುದು ಎಂದು ವಿದ್ಯಾರ್ಥಿಗಳೇ ಗುರುತು ಹಾಕಲಿ. ಬಯಸಿದುದನ್ನು ಹೊಡೆದುಹಾಕಬೇಕಾಗಿಲ್ಲ, ಅದು ಬಯಕೆಯೆಂದು ತಿಳಿದಿದ್ದರೆ ಸಾಕು. ಅನಂತರ ಇನ್ನೊಂದು ಪ್ರಶ್ನೆಯನ್ನು ಕೇಳಬೇಕು: ‘ಈ ಪ್ರಬಂಧದಲ್ಲಿ ಇರಬೇಕಾಗಿದ್ದು, ಇಲ್ಲದೆ ಹೋದವರು ಯಾರು?’ ಅಚ್ಚಾದುದೆಲ್ಲ ನಿಜವೆಂದು ನಂಬುವ ವಯಸ್ಸಿನಲ್ಲಿ ಈ ಎರಡು ಅಭ್ಯಾಸಗಳು ಬೇರೂರಿದರೆ, ಅವರು ಮುಂದೆ ಯಾರ ಆತ್ಮಕಥೆಯನ್ನೂ ಮೋಸಹೋಗದೆ, ಅರಸಿಕರೂ ಆಗದೆ ಓದಬಲ್ಲರು. ಸಾನ್ ಮಿಕೇಲೆಯ ಸ್ಫಿಂಕ್ಸಿನ ಮುಖ ಮನೆಯೊಳಗಿನವರಿಗೆ ಕಾಣುವುದಿಲ್ಲ. ಅದಕ್ಕೆ ಮುಖವೇ ಇಲ್ಲವೆಂದು ಹೇಳುವುದು ತಪ್ಪು. ಕಂಡೆನೆಂದು ಹೇಳುವುದೂ ತಪ್ಪು. ಬೆನ್ನನ್ನು ಮಾತ್ರ ಕಂಡೆನೆಂದು ಹೇಳುವ ವಾಚಕನೇ ಪ್ರಾಮಾಣಿಕ.